ಯಾವ ನರ?

ನರ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಮೂರು ಅರ್ಥ. ನರ್ಸು ಸೂಜಿ ಚುಚ್ಚಲು ಹುಡುಕುವುದು ನರ, ಅದು ರಕ್ತದ್ದು. ಜೋಮು ಹಿಡಿಯುವುದು, ಜುಂ ಎನ್ನುವುದು ನರ, ಅದು ಮಿದುಳಿಗೆ ಸುದ್ದಿ ಒಯ್ಯುವಂಥದ್ದು. ತುಂಬಿದ ಬಿಂದಿಗೆ ಎತ್ತುವಾಗ ಮಣಿಕಟ್ಟಿನಲ್ಲಿ ಹಗ್ಗದ ಹಾಗೆ ಎದ್ದು ಕಾಣುತ್ತದಲ್ಲ, ಅದೂ ನರವೇ. ಈ ಮೂರನೆಯದನ್ನು ಪುಸ್ತಕಗಳಲ್ಲಿ ಸ್ನಾಯುರಜ್ಜು ಎನ್ನುತ್ತಾರೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿ. ಯಾರ ಮನೆಯಲ್ಲೂ ಆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ.

ಮೈಸೂರಿನ ಹೊರಗೆ, ಹುಣಸೂರು ರಸ್ತೆಯ ಬದಿಯ ಒಂದು ಪ್ರಯೋಗಾಲಯದಲ್ಲಿ ನಾವು ಈ ಮೂರನೆಯ ನರವನ್ನು ಬೆಳೆಸುತ್ತಿದ್ದೆವು. ಅಲ್ಲಿ ಸೇರಿದಾಗ ನನಗೆ ಇಪ್ಪತ್ಮೂರು. ಎಂ.ಎಸ್ಸಿ. ಆಗಿತ್ತು, ಮಾತು ಆಗುತ್ತಿರಲಿಲ್ಲ. ಸಂದರ್ಶನದ ಮೂರೂ ಪ್ರಶ್ನೆಗಳಿಗೆ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡ್ ನೋಡಿಕೊಂಡು ಉತ್ತರಿಸಿದ್ದೆ. ಪ್ರಯೋಗಾಲಯದ ಮುಖ್ಯಸ್ಥೆ ಡಾ. ಫ್ಲೋರಿನ್ ಡಿಮೆಲ್ಲೊ ಮಂಗಳೂರಿನವರು. ನನ್ನ ದಾಖಲೆ ಪುಸ್ತಕವನ್ನು ತಿರುವಿ ಹಾಕುತ್ತ, "ಬಾಯಿ ಕಮ್ಮಿ ಇದ್ರೆ ಅಡ್ಡಿಲ್ಲ ಮಾರಾಯ್ತಿ. ನೋಡಿದ್ದನ್ನು ನೋಡಿದ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೀಬೇಕು. ಅಷ್ಟು ಬರ್ತದಾ?" ಎಂದರು.

ಬರುತ್ತದೆ ಎಂದು ತಲೆಯಾಡಿಸಿದೆ. ಹತ್ತನೇ ವಯಸ್ಸಿನಿಂದ ಡೈರಿ ಬರೆಯುತ್ತಿದ್ದವಳು ನಾನು. ಬರುವುದು ಅದೊಂದೇ ಎಂದುಕೊಂಡಿದ್ದೆ.

ಫ್ಲೋರಿನ್ ಮೇಡಂ ಇಪ್ಪತ್ತೆರಡು ವರ್ಷ ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು. ಮೊಟ್ಟೆಯೊಳಗಿನ ಕೋಳಿಮರಿಯ ಕಾಲಿನ ಹುರಿ ತುಂಡಾದರೆ ಅದು ಗುರುತೇ ಉಳಿಯದ ಹಾಗೆ ಕೂಡಿಕೊಳ್ಳುತ್ತದೆ. ಅದೇ ಮರಿ ಹೊರಬಂದು ಬಲಿತ ಮೇಲೆ ತುಂಡಾದರೆ ಗಾಯ ಗಂಟುಗಟ್ಟಿ ಮಾಯುತ್ತದೆ, ಹುರಿ ಅಕ್ಕಪಕ್ಕಕ್ಕೆ ಅಂಟಿಕೊಂಡು ಜಾರುವುದನ್ನೇ ಮರೆಯುತ್ತದೆ. ಬಲಿತ ಹುರಿಗೆ ತನ್ನ ಗರ್ಭದ ದಿನಗಳನ್ನು ನೆನಪಿಸಿಬಿಟ್ಟರೆ? ಕೊನೆಗೆ ಅವರ ಕೈಗೆ ಸಿಕ್ಕಿದ್ದು ನೀರಿನಷ್ಟೇ ತೆಳ್ಳಗಿನ, ಬಣ್ಣವಿಲ್ಲದ ಒಂದು ದ್ರವ. ಹೊಲಿದ ಹುರಿಗೆ ಒಮ್ಮೆ ಹಾಯಿಸಿದರೆ ಅಲ್ಲಿನ ಜೀವಕೋಶಗಳು ನಲವತ್ತು ದಿನ ಮತ್ತೆ ಗರ್ಭದಲ್ಲಿದ್ದಂತೆ ನಡೆದುಕೊಳ್ಳುತ್ತಿದ್ದವು. ಆ ನಲವತ್ತು ದಿನ ಅವುಗಳಿಗೆ ತಿಳಿಯುವ ಭಾಷೆ ಎಳೆತವೊಂದೇ. ಎಳೆದ ದಿಕ್ಕಿಗೆ ಬೆಳೆಯುತ್ತವೆ. ಎಳೆಯದೆ ಬಿಟ್ಟರೆ ಮುದ್ದೆಯಾಗುತ್ತವೆ. ಹೆಚ್ಚು ಎಳೆದರೆ ದಪ್ಪವಾಗುತ್ತವೆ. ಅದಕ್ಕಾಗಿ ಮೊಣಕೈಯಿಂದ ಬೆರಳ ತುದಿಯವರೆಗೆ ಮುಚ್ಚುವ ಒಂದು ಹಗುರ ಯಂತ್ರ ಕಟ್ಟುತ್ತಿದ್ದೆವು. ಬೆರಳ ತುದಿಗಳಿಗೆ ಮೆತ್ತನೆಯ ಟೋಪಿ ತೊಡಿಸಿ, ದಿನಕ್ಕೆ ಸಾವಿರಾರು ಸಲ ಮೆಲ್ಲಗೆ ಎಳೆದು ಬಿಡುತ್ತಿತ್ತು.

ಆ ಯಂತ್ರಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಮೊಟ್ಟೆಗಳ ಕಾವುಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ನಂಜಪ್ಪ ಅದನ್ನು ತೊಟ್ಟಿಲು ಎಂದ. ನಲವತ್ತು ದಿನದ ಚಿಕಿತ್ಸೆಗೆ ಬಾಣಂತನ ಎಂದ. ಒಳಗೆ ಬೆಳೆಯುವ ಹುರಿ ಕೂಸಾಯಿತು. ತಿಂಗಳೊಳಗೆ ಫ್ಲೋರಿನ್ ಮೇಡಂ ಕೂಡ ಬಾಗಿಲಲ್ಲೇ ನಿಂತು, "ಕೂಸು ಹೇಗುಂಟು ಇವತ್ತು?" ಎನ್ನತೊಡಗಿದರು.

ಎಷ್ಟು ಎಳೆಯಬೇಕು ಎನ್ನುವುದು ಪ್ರತಿದಿನ ಬೆಳಿಗ್ಗೆ ರೋಗಿ ಹೇಳುವ ಮಾತಿನ ಮೇಲೆ ನಿಂತಿತ್ತು. ನಾನು ಮನೆಗೆ ಹೋಗಿ ಕೇಳಿ ಬರಬೇಕು. ಫಾರಮ್ಮಿನಲ್ಲಿ ಮೂರು ಚೌಕ: ಸಡಿಲ, ಸರಿ, ಎಳೆತ. ಇಪ್ಪತ್ತನೆಯ ದಿನದ ಹೊತ್ತಿಗೆ ಎಳೆತ ಅನ್ನಿಸಿದರೆ ಒಳ್ಳೆಯ ಲಕ್ಷಣ. ಹುರಿ ಎರಡೂ ಕಡೆ ಕಚ್ಚಿಕೊಂಡಿದೆ, ಇನ್ನಷ್ಟು ಕೇಳುತ್ತಿದೆ ಎಂದರ್ಥ. ಆಗ ಪ್ರಯೋಗಾಲಯದ ಕಂಪ್ಯೂಟರಿನಿಂದಲೇ ತೊಟ್ಟಿಲನ್ನು ಒಂದು ಹಲ್ಲು, ಅಂದರೆ ಒಂದು ಹಂತ, ಬಿಗಿ ಮಾಡಬೇಕು.

ರೋಗಿಗಳಿಗೆ ಕೊಡುವ ಕನ್ನಡದ ಕೈಪಿಡಿ ಬರೆದವಳು ನಾನು. ಮೊದಲು ಸ್ನಾಯುರಜ್ಜು ಎಂದೇ ಬರೆದಿದ್ದೆ. ನಂಜಪ್ಪ ಓದಿಸಿಕೊಂಡು ಕೇಳಿ, "ಸ್ನಾಯು ಏನವ್ವ? ರಜಾನಾ? ಯಾರ್ಗೆ ಅರ್ತಾಯ್ತದೆ ಇದು? ನರ ಅಂತ ಹಾಕು, ಮುಗೀತು" ಎಂದ. ಹಾಕಿದೆ. 'ನಿಮ್ಮ ನರ ಎಳೆದಂತೆ ಅನ್ನಿಸಿದರೆ ಹೆದರಬೇಡಿ. ಅದು ಬೆಳೆಯುತ್ತಿದೆ.' ಓದಿದವರೆಲ್ಲ ಚೆನ್ನಾಗಿದೆ ಎಂದರು. ನನ್ನ ಬರವಣಿಗೆ ಅಚ್ಚಾಗಿದ್ದು ಅದೇ ಮೊದಲು. ಒಂದು ಪ್ರತಿಯನ್ನು ಡೈರಿಯೊಳಗೆ ಇಟ್ಟುಕೊಂಡೆ.

ಆರು ಜನ ಗುಣವಾದರು. ಅಂಗೈ ಸೀಳಿಕೊಂಡಿದ್ದ ಬಡಗಿ, ಬೆರಳಿನ ಹುರಿ ಹರಿದಿದ್ದ ಕಬಡ್ಡಿ ಆಟಗಾರ್ತಿ, ಹೀಗೆ. ಏಳನೆಯವರು ಕಾತ್ಯಾಯಿನಿ ಮಿಸ್.

ಅವರು ಅಂಧ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬ್ರೈಲ್ ಕಲಿಸುತ್ತಿದ್ದರು. ಹುಟ್ಟಿನಿಂದಲೇ ಕಣ್ಣಿಲ್ಲ. ವಯಸ್ಸು ನಲವತ್ತಾರು. ಹಜಾರದಲ್ಲಿ ಓಡಿಬಂದ ಹುಡುಗಿಯೊಬ್ಬಳು ಢಿಕ್ಕಿ ಹೊಡೆದಾಗ ಅವರ ಬಲಗೈ ಕಿಟಕಿಯ ಗಾಜಿನೊಳಗೆ ಹೋಗಿತ್ತು. ಮಣಿಕಟ್ಟಿನ ನಾಲ್ಕು ಹುರಿ ತುಂಡಾಗಿದ್ದವು.

ಮೊದಲ ದಿನ ಫ್ಲೋರಿನ್ ಮೇಡಂ ಮಣಿಕಟ್ಟಿನ ಮಾದರಿಯೊಂದನ್ನು ಅವರ ಎಡಗೈಗೆ ಕೊಟ್ಟು ಮುಟ್ಟಿಸಿದರು. "ಇಲ್ಲಿ ಒಂದು ಸಣ್ಣ ಓಣಿ ಉಂಟು. ಇದರೊಳಗೆ ಒಂಬತ್ತು ಹುರಿ ಹೋಗ್ತದೆ. ಅವುಗಳ ಜೊತೆ ಒಂದೇ ಒಂದು ನರ್ವ್, ಸ್ಪರ್ಶದ್ದು. ನಿಮ್ಮ ಆ ನರ್ವಿಗೆ ಗಾಜು ತಾಗ್ಲಿಲ್ಲ. ಕೂದಲೆಳೆಯಲ್ಲಿ ತಪ್ಪಿದೆ."

ಕಾತ್ಯಾಯಿನಿ ಮಿಸ್ ಮಾದರಿಯ ಒಳಗೆ ಬೆರಳಾಡಿಸಿ ನಕ್ಕರು. "ಒಂಬತ್ತು ಜನ ಗಂಡಸರ ಮಧ್ಯೆ ಒಬ್ಳೇ ಹೆಂಗಸು ಸಿಟಿ ಬಸ್ಸಲ್ಲಿ ನಿಂತಂಗಿದೆ. ಪಾಪ." ಆಮೇಲೆ ನಗು ನಿಲ್ಲಿಸಿ, "ಡಾಕ್ಟ್ರೇ, ಮಾಮೂಲಿ ಹೊಲಿಗೆ ಹಾಕಿ ಬಿಟ್ರೆ?" ಎಂದರು.

"ಬೆರಳು ಅರ್ಧ ಮಡಚ್ತದೆ. ಗಡುಸಾಗ್ತದೆ."

"ಓದಕ್ಕೆ ಬೆರಳು ಹಗುರಾಗಿ ಜಾರಬೇಕು. ಇಸ್ತ್ರಿ ಪೆಟ್ಟಿಗೆ ಥರ ಒತ್ಕೊಂಡು ಹೋದ್ರೆ ಆಗಲ್ಲ. ಜೂನ್‌ನಲ್ಲಿ ಸ್ಕೂಲು ಶುರು, ಒಂದನೇ ಕ್ಲಾಸಿಗೆ ಹನ್ನೆರಡು ಹೊಸ ಹುಡುಗೀರು ಬರ್ತಾರೆ. ಎಲ್ಲಾ ನನ್ನ ಬೆರಳು ಹಿಡ್ಕೊಂಡೇ ಕಲೀಬೇಕು." ಮತ್ತೆ ನನ್ನ ಕಡೆ ತಿರುಗಿದರು. ನಾನು ಒಂದು ಮಾತೂ ಆಡಿರಲಿಲ್ಲ. "ಇಲ್ಲೊಬ್ರು ಉಸಿರಾಡ್ತಿದಾರಲ್ಲ, ಅವ್ರು ಏನಂತಾರೆ?"

ನಾನು ಕೈಪಿಡಿಯನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬರ್ದೋರು ಯಾರೋ ಚೆನ್ನಾಗಿ ಬರ್ದಿದಾರೆ. ಹೆದರಿಕೆ ಹೋಯ್ತು" ಎಂದರು. ಅವರು ಒಪ್ಪಿಕೊಂಡಿದ್ದು ಆಮೇಲೆ.

ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲಿ. ಗಂಡ ಗುರುಪಾದ ಅವರಿಗೂ ಕಣ್ಣಿಲ್ಲ. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಇಪ್ಪತ್ತು ವರ್ಷಗಳಿಂದ ಇಬ್ಬರೂ ಒಬ್ಬರಿಗೊಬ್ಬರು ಬ್ರೈಲ್ ಚೀಟಿ ಬರೆದು ಅಡುಗೆಮನೆಯ ಉಪ್ಪಿನ ಡಬ್ಬಿಯ ಕೆಳಗೆ ಇಡುತ್ತಿದ್ದರು. ಹಾಲು ಕಾಯಿಸಿದೆ. ಇಸ್ತ್ರಿ ಬಟ್ಟೆ ಬಂದಿದೆ. ನೀನು ನಿನ್ನೆ ಹೇಳಿದ್ದು ಸರಿ. ಮಿಸ್ಸಿನ ಬಲಗೈ ತೊಟ್ಟಿಲು ಸೇರಿದ ಮೇಲೂ ಗುರುಪಾದ ಅವರು ಬರೆಯುವುದನ್ನು ಬಿಡಲಿಲ್ಲ. ದಿನಕ್ಕೊಂದು ಚೀಟಿ ಬರೆದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುತ್ತಿದ್ದರು.

"ನಲವತ್ತೂ ಒಟ್ಟಿಗೆ ಓದ್ಕೊಳ್ಳಿ ಅಂತ, ಕೈ ಬಂದ ದಿನ," ಎಂದರು ನನಗೆ.

"ಏನ್ ಬರ್ದಿದೀರಿ ಅಂತ ಬಾಯಲ್ಲಿ ಹೇಳ್ರೀ," ಎಂದು ಮಿಸ್ ರೇಗಿಸಿದರು.

"ಹೇಳೋ ಹಾಗಿದ್ರೆ ಯಾಕೆ ಬರೀತಿದ್ದೆ?"

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅವತ್ತೇ ಡೈರಿಯಲ್ಲಿ ಬರೆದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಹೋಗಿ ಫಾರಂ ತುಂಬುವುದು ಹತ್ತು ನಿಮಿಷದ ಕೆಲಸ. ಆದರೆ ನಾನು ಹೊರಡುವಾಗ ಒಂಬತ್ತೂವರೆಯಾಗುತ್ತಿತ್ತು. ಹೇಗೋ ಏನೋ, ನಾನು ಡೈರಿ ಬರೆಯುತ್ತೇನೆಂದು ಮೂರನೆಯ ದಿನವೇ ಮಿಸ್ಸಿಗೆ ಹೇಳಿಬಿಟ್ಟಿದ್ದೆ. ಇನ್ಯಾರಿಗೂ ಹೇಳಿರಲಿಲ್ಲ.

"ಯಾರಾದ್ರೂ ಕದ್ದು ಓದ್ತಾರೇನೇ?"

"ಅಮ್ಮ," ಎಂದೆ.

"ಹಂಗಾದ್ರೆ ಬ್ರೈಲಲ್ಲಿ ಬರಿ. ನಿಮ್ಮಮ್ಮ ತಲೆ ಕೆಳಗೆ ಮಾಡಿದ್ರೂ ಓದಕ್ಕಾಗಲ್ಲ. ಕಲಿಸ್ತೀನಿ. ಕೈ ಸರಿಹೋದ ಮೇಲೆ ನಾನೊಬ್ಳು ಓದ್ತೀನಿ, ಪರವಾಗಿಲ್ವಾ?"

ಹಲಗೆಗೆ ದಪ್ಪ ಹಾಳೆ ಸಿಕ್ಕಿಸಿ, ಮೊಂಡು ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಒತ್ತಬೇಕು. ಚುಕ್ಕಿ ಏಳುವುದು ಹಾಳೆಯ ಇನ್ನೊಂದು ಮಗ್ಗುಲಿಗೆ. ಅದಕ್ಕೇ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಹಾಳೆ ಮಗುಚಿದರೆ ಸರಿಯಾಗುತ್ತದೆ. ಮೊದಲ ಪಾಠಕ್ಕೆ ಮಿಸ್, "ನಿನ್ನ ಕಸುಬಿನ ಮಾತೇ ಬರಿ. ನರ" ಎಂದರು. ಒತ್ತಿ ಕೊಟ್ಟೆ. ಅವರು ಎಡಗೈ ತೋರುಬೆರಳನ್ನು ಹಾಳೆಯ ಮೇಲಿಟ್ಟರು.

"ಬಲಗೈ ನಂದು ಎಂ.ಎ. ಕಣೇ. ಎಡಗೈ ಇನ್ನೂ ಒಂದನೇ ಕ್ಲಾಸು. ಸಾಲು ತಪ್ಪದ ಹಾಗೆ ಹಿಡ್ಕೊಳ್ಳೋದು ಬಿಟ್ರೆ ಏನೂ ಬರಲ್ಲ ಅದಕ್ಕೆ. ಇರು." ಬೆರಳು ತಡವುತ್ತ ಒಂದೊಂದೇ ಚುಕ್ಕಿ ಎಣಿಸಿತು. "ಡ... ಠ. ಡಠ! ಇದ್ಯಾವ ಭಾಷೆಯೇ?"

ಸಾಲನ್ನು ತಿರುಗಿಸಿದ್ದೆ, ಅಕ್ಷರಗಳನ್ನು ತಿರುಗಿಸಿರಲಿಲ್ಲ. ತಿರುಗದ ನ ಡ ಆಗಿತ್ತು, ರ ಠ ಆಗಿತ್ತು. ಮಿಸ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ ನಗೆಗೆ ಗುರುಪಾದ ಅವರು ಅಡುಗೆಮನೆಯಿಂದ ಬಂದರು. ಅಂದಿನಿಂದ ನಾನು ಆ ಮನೆಯಲ್ಲಿ ಡಠ ಮೇಡಂ ಆದೆ. "ಡಠ ಮೇಡಮ್ಮಿಗೆ ಕಾಫಿ ಕೊಡ್ರೀ." "ನಿನ್ನ ಡಠ ಇವತ್ತು ಸಡಿಲವಾಗೂ ಇಲ್ಲ, ಬಿಗಿಯಾಗೂ ಇಲ್ಲ, ಬರ್ಕೋ." ನನ್ನ ಜೀವನದಲ್ಲಿ ನನಗೊಂದು ಅಡ್ಡಹೆಸರಿಟ್ಟವರು ಅವರೊಬ್ಬರೇ. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಹೇಳಿದರೆ ಖರ್ಚಾಗಿಹೋಗುತ್ತದೆ ಅನ್ನಿಸಿತು.

ಹತ್ತೊಂಬತ್ತನೆಯ ದಿನ ಮಿಸ್, "ನರ ಎಳೀತಿದೆ ಕಣೇ. ಜುಂ ಅಂತಿದೆ" ಎಂದರು.

ಕೈಪಿಡಿಯ ಮಾತೇ ಅದು. ಖುಷಿಯಿಂದ ಎಳೆತದ ಚೌಕಕ್ಕೆ ಗುರುತು ಹಾಕಿದೆ. ಪ್ರಯೋಗಾಲಯದಲ್ಲಿ ಫ್ಲೋರಿನ್ ಮೇಡಂ ಕೈ ತಟ್ಟಿದರು. "ನೋಡು ನಂಜಪ್ಪ, ಕೂಸಿಗೆ ಹಸಿವು ಶುರು ಆಯ್ತು!" ತೊಟ್ಟಿಲನ್ನು ಒಂದು ಹಲ್ಲು ಬಿಗಿ ಮಾಡಿದೆವು. ಇಪ್ಪತ್ತೆರಡನೆಯ ದಿನ ಮತ್ತೆ ಅದೇ ಮಾತು. ಮತ್ತೊಂದು ಹಲ್ಲು.

ಇಪ್ಪತ್ತಾರನೆಯ ದಿನ ಮಿಸ್ ಪಾಠ ಮಾಡಲಿಲ್ಲ. ಮುಖ ಬಾಡಿತ್ತು. "ನಿದ್ದೆ ಇಲ್ಲ. ನರ ಜೋಮು ಹಿಡಿದಂಗೆ ಆಗತ್ತೆ. ರಾತ್ರಿಯೆಲ್ಲ ಜುಂ ಜುಂ. ಇದು ಹೀಗೇನಾ?"

ಫಾರಮ್ಮಿನಲ್ಲಿ ಜೋಮು ಎಂಬ ಚೌಕ ಇರಲಿಲ್ಲ. ಪೆನ್ನು ಹಿಡಿದು ಕುಳಿತೆ. ಹುರಿಗೆ ಜೋಮು ಹಿಡಿಯುವುದಿಲ್ಲವಲ್ಲ ಎಂಬ ಯೋಚನೆ ಮೀನಿನ ಹಾಗೆ ಬಂದು ಹೋಯಿತು. ಯಾವ ನರ ಮಿಸ್? ಮೂರೇ ಪದದ ಪ್ರಶ್ನೆ. ಕೇಳಿದ್ದರೆ ಅವರು ತೋರಿಸುತ್ತಿದ್ದರು. ಆದರೆ ಇಷ್ಟು ದಿನ ಕೇಳಿ ಬರೆದುಕೊಂಡವಳು ನಾನೇ, ಈಗ ಯಾವ ನರ ಎಂದು ಕೇಳಿದರೆ ಏನೆಂದುಕೊಂಡಾರು ಎಂದು ನಾಚಿಕೆಯಾಯಿತು. ಎಳೆತದ ಚೌಕಕ್ಕೆ ಗುರುತು ಹಾಕಿದೆ. "ಹೀಗೇ ಮಿಸ್. ಬೆಳೀತಿದೆ" ಎಂದೆ.

ಪ್ರಯೋಗಾಲಯಕ್ಕೆ ಬಂದ ಮೇಲಾದರೂ ಫ್ಲೋರಿನ್ ಮೇಡಂಗೆ ಹೇಳಬೇಕೆಂದು ಅವರ ಕೋಣೆಯ ಬಾಗಿಲವರೆಗೆ ಹೋದೆ. ಅವರು ಫೋನಿನಲ್ಲಿದ್ದರು. ಕೈ ಸನ್ನೆಯಲ್ಲೇ ಏನು ಎಂದು ಕೇಳಿದರು. ಏನಿಲ್ಲ ಎಂದು ತಲೆಯಾಡಿಸಿ ಫಾರಂ ಮೇಜಿನ ಮೇಲಿಟ್ಟು ಬಂದೆ. ತೊಟ್ಟಿಲು ಮೂರನೆಯ ಹಲ್ಲಿಗೆ ಹೋಯಿತು.

ಆ ದಿನದ ಡೈರಿಯಲ್ಲಿ ಹೀಗಿದೆ: 'ಮಿಸ್ ಜೋಮು ಅಂದರು. ಯಾವ ನರ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ನಾಳೆ ಕೇಳುತ್ತೇನೆ.'

ಮರುದಿನ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಮೂವತ್ತನೆಯ ದಿನ ಕೇಳುವ ಅಗತ್ಯವೇ ಬೀಳಲಿಲ್ಲ. ಮಿಸ್ ಸ್ನಾನ ಮುಗಿಸಿ ತಲೆ ಒಣಗಿಸುತ್ತ ಕುಳಿತಿದ್ದರು. "ಇವತ್ತು ಜುಂ ಇಲ್ಲ, ಏನೂ ಇಲ್ಲ. ಆರಾಮು. ನಿದ್ದೆ ಬಂತು ಕಣೇ, ಡಠ ಮೇಡಂ!" ಸರಿ ಎಂಬ ಚೌಕಕ್ಕೆ ಗುರುತು ಹಾಕಿದೆ. ಎದೆಯ ಮೇಲಿನ ಕಲ್ಲು ಇಳಿಯಿತು. ಅವತ್ತು ಇಡೀ ಒಂದು ಸಾಲು ಬ್ರೈಲ್ ಬರೆದೆ, ಒಂದೇ ತಪ್ಪು.

ನಲವತ್ತೊಂದನೆಯ ದಿನ ತೊಟ್ಟಿಲು ಬಿಚ್ಚಿದೆವು. ನಂಜಪ್ಪ ಎಲ್ಲರಿಗೂ ಕೊಡಲೆಂದು ಮೈಸೂರುಪಾಕು ತಂದಿದ್ದ. ಫ್ಲೋರಿನ್ ಮೇಡಂ ಕೊನೆಯ ಪಟ್ಟಿಯನ್ನು ಸುತ್ತಿ ತೆಗೆದು, ಬೆರಳ ತುದಿಯ ಟೋಪಿಗಳನ್ನು ಒಂದೊಂದಾಗಿ ಕಳಚಿ, "ಮಡಚಿ" ಎಂದರು.

ಕಾತ್ಯಾಯಿನಿ ಮಿಸ್ ಬೆರಳು ಮಡಚಿದರು. ಬಿಡಿಸಿದರು. ತೋರುಬೆರಳೊಂದನ್ನೇ ಮಡಚಿದರು. ಗಾಳಿಯಲ್ಲಿ ಒಂದು ಸಾಲು ಓದಿದ ಹಾಗೆ ಕೈಯನ್ನು ಎಡದಿಂದ ಬಲಕ್ಕೆ ಹಾಯಿಸಿದರು. ಎಲ್ಲೂ ತಡೆಯಿಲ್ಲ, ಗಂಟಿಲ್ಲ. ಇಪ್ಪತ್ತೆರಡು ವರ್ಷ ಮೊಟ್ಟೆಗಳ ಮುಂದೆ ಕುಳಿತಿದ್ದ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮಿಸ್ ಕೈಯನ್ನು ತೊಡೆಯ ಮೇಲಿಟ್ಟು ಸೀರೆಯ ಅಂಚು ಸವರಿದರು. ಮತ್ತೊಮ್ಮೆ ಸವರಿದರು. ಕೆನ್ನೆ ಮುಟ್ಟಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಬ್ಯಾಂಡೇಜು ಇನ್ನೂ ಇದೆಯಾ?"

ನಂಜಪ್ಪ ಮೈಸೂರುಪಾಕಿನ ತಟ್ಟೆ ಹಿಡಿದು ಹತ್ತಿರದಲ್ಲೇ ನಿಂತಿದ್ದ. "ಇಲ್ಲ ಕಣವ್ವ. ಎಲ್ಲಾ ಬಿಚ್ಚಾಯ್ತಲ್ಲ," ಎಂದ.

ಚಪ್ಪಾಳೆ ತಟ್ಟಿದ್ದ ನನ್ನ ಕೈಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಮರುದಿನವೇ ಆಸ್ಪತ್ರೆಯಲ್ಲಿ ಮಣಿಕಟ್ಟು ಬಿಡಿಸಿ ನೋಡಿದರು. ನಾವು ಬೆಳೆಸಿದ ನಾಲ್ಕು ಹುರಿಗಳೂ ಹೊಳೆಯುತ್ತಿದ್ದವಂತೆ, ಗಾಯದ ಗುರುತಿಲ್ಲದೆ. ಒಂದೂವರೆ ಪಟ್ಟು ದಪ್ಪ. ಆ ಇಕ್ಕಟ್ಟಿನ ಓಣಿಯಲ್ಲಿ ಸ್ಪರ್ಶದ ನರ ಕಾಗದದ ಹಾಗೆ ಚಪ್ಪಟೆಯಾಗಿತ್ತು. ಓಣಿಯನ್ನು ಅಗಲ ಮಾಡಿ ಮುಚ್ಚಿದರು. ಮೂರು ತಿಂಗಳಿಗೆ ಹೆಬ್ಬೆರಳಿನಲ್ಲಿ ಬಿಸಿ ಯಾವುದು ತಣ್ಣಗೆ ಯಾವುದು ಎಂಬಷ್ಟು ಬಂತು. ತೋರುಬೆರಳಿಗೆ ಏನೂ ಬರಲಿಲ್ಲ. ಇನ್ನು ಬರುವುದಿಲ್ಲ ಎಂದರು. ಜುಂ ಎನ್ನುತ್ತಿದ್ದಷ್ಟು ದಿನ ನರ ಬದುಕಿತ್ತು. ಆರಾಮು ಎಂದ ದಿನ ಅದು ಸುಮ್ಮನಾಗಿತ್ತು.

ಹೊಸ ರೋಗಿಗಳನ್ನು ತೆಗೆದುಕೊಳ್ಳುವುದನ್ನು ಫ್ಲೋರಿನ್ ಮೇಡಂ ತಾವಾಗಿಯೇ ನಿಲ್ಲಿಸಿದರು. ಕಾವುಪೆಟ್ಟಿಗೆಗಳು ಖಾಲಿಯಾದವು. ನಂಜಪ್ಪ ಮಾತ್ರ ದಿನವೂ ಅವುಗಳ ಧೂಳು ಒರೆಸುತ್ತಿದ್ದ. ಮೇಡಂ ನನ್ನ ಫಾರಮ್ಮುಗಳನ್ನು ಹರಡಿಕೊಂಡು ಒಂದೊಂದನ್ನೂ ನೋಡಿದರು. "ಎಲ್ಲ ಸರಿಯಾಗಿಯೇ ಉಂಟು. ನೀನು ಕೇಳಿದ್ದನ್ನು ಬರ್ದಿದ್ದಿ. ಮಣಿಕಟ್ಟಿಗೆ ಇದು ಆಗ್ತದೆ ಅಂತ ನನಗೆ ಗೊತ್ತಾಗಬೇಕಿತ್ತು. ಮೊಟ್ಟೆಯೊಳಗೆ ಯಾರೂ ನೋವು ಅಂತ ಹೇಳಲ್ಲ, ನೋಡು. ಇಪ್ಪತ್ತೆರಡು ವರ್ಷ ಮಾತಾಡದವರ ಜೊತೆ ಕೆಲಸ ಮಾಡಿ ನನಗೆ ಕಿವಿಯೇ ಹೋಯ್ತು."

ತಪ್ಪು ತಮ್ಮದೆಂದು ಅವರು ವರದಿ ಬರೆಯಲು ಕುಳಿತರು. ನಾನು ಮನೆಗೆ ಹೋಗಿ ಡೈರಿ ತಂದು ಇಪ್ಪತ್ತಾರನೆಯ ದಿನದ ಪುಟ ತೆರೆದು ಅವರ ಮುಂದಿಟ್ಟೆ. ಓದಿದರು. ಬಹಳ ಹೊತ್ತು ಆ ಮೂರು ಸಾಲನ್ನೇ ಓದಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅವರಿಗೆ ಹೇಳಿದ್ಯಾ?"

"ಇಲ್ಲ."

"ಎಂತ ಇಲ್ಲ? ದಿನಾ ಹೋಗ್ತಿದ್ದಿ ಅಲ್ವಾ ಅಲ್ಲಿಗೆ?"

"ನಿಲ್ಲಿಸಿದೀನಿ."

ಡೈರಿ ಮುಚ್ಚಿ ನನ್ನ ಕೈಗಿತ್ತರು. "ಮೊದಲು ಅಲ್ಲಿಗೆ ಹೋಗು. ವರದಿ ಆಮೇಲೆ."

ಬಾಯಲ್ಲಿ ಹೇಳಲು ನನ್ನಿಂದಾಗದು ಎಂದು ನನಗೆ ಗೊತ್ತಿತ್ತು. ಎಂಟು ದಿನ ಕುಳಿತು ಒಂದು ಪುಟ ಬ್ರೈಲ್ ಒತ್ತಿದೆ. ತಪ್ಪಾದಾಗಲೆಲ್ಲ ಹೊಸ ಹಾಳೆ. ಅಮ್ಮ ಕೋಣೆಗೆ ಬಂದು, ಏನಿದು ಕಟಕಟ ಎಂದು ನೋಡಿ, ಹಾಳೆಯನ್ನು ದೀಪಕ್ಕೆ ಹಿಡಿದು, ಇಟ್ಟು ಹೋದಳು. ಬರೆದು ಮುಗಿಸಿದ ಮೇಲೆಯೇ ನನಗೆ ಹೊಳೆದದ್ದು: ಇದನ್ನು ಓದುವ ಬೆರಳನ್ನು ನಾನೇ ಇಲ್ಲವಾಗಿಸಿದ್ದೇನೆ. ಆದರೂ ತೆಗೆದುಕೊಂಡು ಹೋದೆ. ಬೇರೇನನ್ನು ತೆಗೆದುಕೊಂಡು ಹೋಗಲಿ?

ಶಾಲೆ ಶುರುವಾಗಿ ತಿಂಗಳಾಗಿತ್ತು. ಒಂದನೇ ಕ್ಲಾಸನ್ನು ಬೇರೆಯವರಿಗೆ ಕೊಟ್ಟಿದ್ದರು. ಮಿಸ್ಸಿಗೆ ಬೆಳಗಿನ ಪ್ರಾರ್ಥನೆ, ಸಂಜೆ ಹಾಡಿನ ತರಗತಿ. ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವರು ಊಟದ ಮೇಜಿನ ಬಳಿ ಬಿಸ್ಕತ್ತಿನ ಡಬ್ಬ ಇಟ್ಟುಕೊಂಡು ಕುಳಿತಿದ್ದರು.

"ಉಸಿರು ಕೇಳ್ತಿದೆ. ಯಾರು, ಡಠ ಮೇಡಮ್ಮಾ?"

"ಹೂಂ ಮಿಸ್."

"ಬಾ, ಕೂತ್ಕೋ. ಎಲ್ಲಿ ಸತ್ತಿದ್ಯೇ ಇಷ್ಟು ದಿನ? ನೋಡು, ದಿನಕ್ಕೊಂದು ಚೀಟಿ ಓದ್ತಿದೀನಿ ಎಡಗೈಲಿ. ಹನ್ನೊಂದನೇದಕ್ಕೆ ಬಂದಿದೀನಿ. ಅರ್ಧ ಗಂಟೆ ಕಷ್ಟಪಟ್ಟು ಓದಿದ್ರೆ, ಈರುಳ್ಳಿ ಮುಗಿದಿದೆ ಅಂತ ಬರ್ದಿದಾರೆ ಮಹಾನುಭಾವರು!"

"ಅದು ಹನ್ನೆರಡನೇದು," ಎಂದರು ಗುರುಪಾದ ಅಡುಗೆಮನೆಯಿಂದ. "ಹನ್ನೊಂದನೇದು ಚೆನ್ನಾಗಿದೆ, ಬಿಟ್ಬಿಟ್ಟಿದೀಯ."

ನಗಬೇಕಿತ್ತು. ಮೇಜಿನ ಮೇಲೆ, ಡಬ್ಬದ ಪಕ್ಕದಲ್ಲಿ, ಈ ವಾರ ಬರೆದ ಹೊಸ ಚೀಟಿಗಳಿದ್ದವು. ಚುಕ್ಕಿಗಳನ್ನು ಎಷ್ಟು ಬಲವಾಗಿ ಒತ್ತಿದ್ದರೆಂದರೆ ಹಾಳೆ ಅಲ್ಲಲ್ಲಿ ತೂತಾಗಿತ್ತು. ನಾನು ಒಂದನ್ನು ಎತ್ತಿದ ಸದ್ದು ಕೇಳಿ ಮಿಸ್ ದನಿ ತಗ್ಗಿಸಿದರು. "ಜೋರಾಗಿ ಒತ್ತಿದ್ರೆ ಬಲಗೈಗೆ ಸಿಗಬಹುದು ಅಂತ ಅವರ ಆಸೆ. ಸಿಗಲ್ಲ ಅಂತ ನಾನು ಹೇಳಿಲ್ಲ. ನೀನೂ ಹೇಳ್ಬೇಡ."

ನಾನು ನನ್ನ ಹಾಳೆಯನ್ನು ಅವರ ಮುಂದೆ ಸರಿಸಿದೆ.

"ಏನಿದು?"

"ಬರ್ಕೊಂಡು ಬಂದಿದೀನಿ."

ಅಭ್ಯಾಸಬಲದಿಂದ ಅವರ ಬಲಗೈಯೇ ಮೊದಲು ಮೇಲೆ ಬಂತು. ಹಾಳೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ, ನಾನು ನೋಡಿದ ಯಾವ ಕೈಗಿಂತಲೂ ಹಗುರಾಗಿ, ನೀರ ಮೇಲೆ ಎ‌ಲೆ ಹೋದ ಹಾಗೆ ಜಾರಿತು. ಕೊನೆಯಲ್ಲಿ ನಿಂತು ಮಡಿಲಿಗೆ ಮರಳಿತು.

"ಇಡೀ ಪುಟ ಇದ್ರೆ ನಂಗೆ ಎರಡು ಗಂಟೆ ಬೇಕು. ಬಾಯಲ್ಲೇ ಹೇಳಬಾರದೇನೇ? ಕಿವಿ ಇದೆಯಲ್ಲ ನಂಗೆ."

ಹೇಳಿದೆ. ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ. ಫಾರಮ್ಮಿನಲ್ಲಿ ಮೂರೇ ಚೌಕ ಇದ್ದದ್ದು, ನೀವು ನರ ಅಂದಾಗಲೆಲ್ಲ ನಾನು ಹುರಿ ಅಂದುಕೊಂಡದ್ದು, ಆ ಕೈಪಿಡಿ ಬರೆದವಳು ನಾನೇ ಎಂಬುದು, ಜೋಮು ಅಂದ ದಿನ ಗಂಟಲವರೆಗೆ ಬಂದ ಪ್ರಶ್ನೆ. ದನಿ ನಡುನಡುವೆ ನಿಂತಿತು. ನಿಂತಾಗ ಯಾರೂ ನನಗೆ ಸಹಾಯ ಮಾಡಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತ್ತು. ಗುರುಪಾದ ಅವರು ಸ್ಟೌ ಆರಿಸಿ ಬಾಗಿಲಿಗೆ ಬಂದು ನಿಂತಿದ್ದರು.

ಮುಗಿಯಿತು. ಮಿಸ್ ಬಿಸ್ಕತ್ತಿನ ಡಬ್ಬದ ಮುಚ್ಚಳ ಹಾಕಿದರು.

"ಯಾವ ದಿನ ಅಂದೆ?"

"ಇಪ್ಪತ್ತಾರನೇ ದಿನ."

"ಅವತ್ತು ಕೇಳಿದ್ರೆ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ಹೇಳಿದರೆ ಅವರಿಗೂ ಸುಲಭವಾಗುತ್ತಿತ್ತು, ನನಗೂ.

"ಉಳೀತಿತ್ತು ಮಿಸ್. ತೊಟ್ಟಿಲು ಬಿಚ್ಚಿದ್ರೆ ಸಾಕಿತ್ತು."

ಅವರ ಬಲಗೈ ಮಡಿಲಿನಲ್ಲಿ ಒಮ್ಮೆ ಮುಷ್ಟಿಯಾಯಿತು, ಬಿಡಿಸಿಕೊಂಡಿತು. ಎಷ್ಟು ಚೆನ್ನಾಗಿ ಮಡಚುತ್ತಿದೆ ಎಂದು ನನ್ನ ಕಣ್ಣು ತನ್ನ ಪಾಡಿಗೆ ತಾನು ಗುರುತು ಹಾಕಿಕೊಂಡಿತು. ಆ ಕಣ್ಣನ್ನು ಕಂಡು ನನಗೇ ಅಸಹ್ಯವಾಯಿತು.

"ನಾನೂ ಬೆರಳು ಅನ್ಬಹುದಿತ್ತು. ನರ ಅಂದೆ," ಎಂದರು ಕೊನೆಗೆ, ನನಗಲ್ಲ, ಮೇಜಿಗೆ ಹೇಳಿದ ಹಾಗೆ. ಆಮೇಲೆ, "ಇನ್ನು ನೀನು ಹೊರಡು ಮೇದಿನಿ."

ಆ ಮನೆಯಲ್ಲಿ ನನ್ನ ನಿಜವಾದ ಹೆಸರು ಕೇಳಿದ್ದು ಅದೇ ಮೊದಲ ಸಲ.

ಎದ್ದೆ. ಹಾಳೆಯನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಅದರ ಮೇಲೆ ಎಡಗೈ ಇಟ್ಟರು.

"ಇದು ಇರಲಿ."

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ತಿರುಗಿ ನೋಡಿದೆ. ಎಡಗೈ ತೋರುಬೆರಳು ಮೊದಲ ಸಾಲಿನ ಮೊದಲ ಅಕ್ಷರ ಹುಡುಕುತ್ತಿತ್ತು. ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಚುಕ್ಕಿ ಎಣಿಸಿತು, ಹಿಂದೆ ಬಂತು, ಮತ್ತೆ ಎಣಿಸಿತು. ಅವರ ತುಟಿ ಅಲುಗಿತು.

"ನ," ಎಂದರು. ಎಷ್ಟೋ ಹೊತ್ತಿನ ಮೇಲೆ, "ರ."

ನಾನು ಹೊಸಿಲ ಮೇಲೆ ನಿಂತೇ ಇದ್ದೆ. ನನ್ನ ಉಸಿರು ಅವರಿಗೆ ಕೇಳಿಸಿರಬೇಕು. ತಲೆ ಎತ್ತಲಿಲ್ಲ.

"ಈ ಸಲ ಸರಿಯಾಗಿ ಬರ್ದಿದೀಯ."